ವಿಳಾಸ ಇದ್ದವರ ಮಕ್ಕಳು

ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿಯ ದಂಪತಿಯ ಜತೆ, ಅವರ ಮಗಳನ್ನು ಸರಕಾರಿ ಶಾಲೆಗೆ ಸೇರಿಸಲು ಹೋಗಿದ್ದೆ. ಟಿ.ಸಿ. ಎಲ್ಲಿ, ಬಾಡಿಗೆ ಕರಾರು ಎಲ್ಲಿ ಅಂತ ಗುಮಾಸ್ತ ಕೇಳಿದ. ‘ಹತ್ತಿರದ ಮಕ್ಕಳಿಗೆ ಮೊದಲು’ ಅಂದ. ಅಲ್ಲ ಮಾರಾಯ, ಇವರ ತಗಡಿನ ಶೆಡ್ಡು ನಿನ್ನ ಶಾಲೆಯ ಗೋಡೆಗೇ ತಾಗಿಕೊಂಡಿದೆ! ಆದರೆ ಕಾಗದದಲ್ಲಿ ಅವರಿನ್ನೂ ಯಾದಗಿರಿಯಲ್ಲೇ ಇದ್ದಾರೆ.

ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ, ಅದು 14ನೇ ಕಲಂ. ಗುಮಾಸ್ತನ ಮೇಜಿನ ತನಕ ಕಾಯ್ದೆ ನಡೆದು ಬರೋದಿಲ್ಲ, ಅಷ್ಟೆ.

ಊರಿನವರು ಇದನ್ನೋದಿ ಮರಾಠಿಯವರನ್ನು ಬೈಯೋದು ಬೇಡ. ಬೆಂಗಳೂರಿನ ಶೆಡ್ಡುಗಳಲ್ಲಿ ಬಿಹಾರದ, ಒಡಿಶಾದ ಮಕ್ಕಳಿದ್ದಾರಲ್ಲ, ಅವರನ್ನು ನಿಮ್ಮ ಬೀದಿಯ ಶಾಲೆಗೆ ಕರಕೊಂಡು ಹೋಗಿ. ಮೊದಲು ಏನು ಕೇಳ್ತಾರೆ ನೋಡಿ.