ಮೊಟ್ಟೆಯೊಳಗಿನ ವಿಷ

ಹಕ್ಕಿಯ ಮೊಟ್ಟೆಯು ಹೊರಲೋಕದಿಂದ ಬೇರ್ಪಟ್ಟ ಭದ್ರವಾದ ಕೋಣೆಯಂತೆ ತೋರುತ್ತದೆ. ಭ್ರೂಣಕ್ಕೆ ಬೇಕಾದ ಆಹಾರವು ಒಳಗಿನ ಹಳದಿ ಭಾಗದಲ್ಲಿದೆ. ಉಸಿರಾಟಕ್ಕೆಂದು ಚಿಪ್ಪಿನಲ್ಲಿ ಸೂಕ್ಷ್ಮ ರಂಧ್ರಗಳಿವೆ. ಬೆಳೆಯುವ ಮೂಳೆಗಳಿಗೆ ಬೇಕಾದ ಕ್ಯಾಲ್ಸಿಯಂ ಬಹುಪಾಲು ಆ ಚಿಪ್ಪಿನಿಂದಲೇ ದೊರೆಯುತ್ತದೆ. ಆದರೆ ಈ ಬುತ್ತಿಯನ್ನು ಕಟ್ಟಿಕೊಡುವುದು ತಾಯಿಹಕ್ಕಿ. ಅದರ ಮೈಯಲ್ಲಿ ವಿಷವಿದ್ದರೆ ಬುತ್ತಿಯಲ್ಲಿಯೂ ವಿಷ ಸೇರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಆಚೆ ಅನಕಾಪ ಎಂಬ ಕಿರಿದಾದ ದ್ವೀಪವಿದೆ. ನಮ್ಮ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಯ ಬಳಗಕ್ಕೆ ಸೇರಿದ ಕಂದು ಹೆಜ್ಜಾರ್ಲೆಗಳು ಅಲ್ಲಿ ಮರಿ ಮಾಡುತ್ತವೆ. 1970ರಲ್ಲಿ ಅಲ್ಲಿ 500ಕ್ಕೂ ಹೆಚ್ಚು ಗೂಡುಗಳಿದ್ದವು. ಬದುಕಿ ಉಳಿದದ್ದು ಒಂದೇ ಒಂದು ಮರಿ! ಹೆಜ್ಜಾರ್ಲೆಯು ತನ್ನ ಅಗಲವಾದ ಜಾಲಪಾದಗಳನ್ನು ಮೊಟ್ಟೆಗಳ ಮೇಲಿರಿಸಿ ಕಾವು ಕೊಡುವ ಹಕ್ಕಿ. ತಲೆತಲಾಂತರದಿಂದ ಆ ಭಾರವನ್ನು ತಾಳಿಕೊಂಡಿದ್ದ ಚಿಪ್ಪು ಈಗ ತಾಳಲಿಲ್ಲ. ಕಾವು ಕೊಡಬೇಕಾದ ಪಾದಗಳ ಕೆಳಗೇ ಮೊಟ್ಟೆಗಳು ಒಡೆದುಹೋದವು.

ಲಾಸ್ ಏಂಜಲೀಸ್ ಬಳಿಯ ಕಾರ್ಖಾನೆಯೊಂದು ಡಿ.ಡಿ.ಟಿ. ಬೆರೆತ ತ್ಯಾಜ್ಯವನ್ನು ವರ್ಷಗಟ್ಟಲೆ ಚರಂಡಿಯ ಮೂಲಕ ಕಡಲಿಗೆ ಹರಿಯಬಿಟ್ಟಿತ್ತು. ಈ ಕೀಟನಾಶಕವು ನೀರಿನಲ್ಲಿ ಕರಗುವುದು ಅತ್ಯಲ್ಪ. ಕೊಬ್ಬಿನಲ್ಲಿ ಸುಲಭವಾಗಿ ಕರಗಿ ಅಲ್ಲಿಯೇ ನೆಲೆಸುತ್ತದೆ. ಅದು ಕಡಲಿನ ಸೂಕ್ಷ್ಮಜೀವಿಗಳಿಂದ ಆಂಚೊವಿ ಎಂಬ ಪುಟ್ಟ ಮೀನಿಗೂ, ಮೀನಿನಿಂದ ಹೆಜ್ಜಾರ್ಲೆಗೂ ಸಾಗುತ್ತ ಹಂತಹಂತಕ್ಕೂ ಸಾಂದ್ರವಾಯಿತು. ಮೈಯೊಳಗೆ ಡಿ.ಡಿ.ಇ. ಎಂಬ ರೂಪವನ್ನು ತಾಳಿ, ಚಿಪ್ಪನ್ನು ಕಟ್ಟುವ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಸಾಗಾಟಕ್ಕೆ ಅಡ್ಡಿಯಾಯಿತು. ತಾಯಿಹಕ್ಕಿಯಾದರೋ ಎಂದಿನಂತೆ ಹಾರುತ್ತಿತ್ತು, ಮೀನು ಹಿಡಿಯುತ್ತಿತ್ತು.

ಚಿಪ್ಪು ಒಡೆಯದಿದ್ದರೆ ಭ್ರೂಣವು ಕ್ಷೇಮವಾಗಿದೆಯೆಂದು ನಂಬುವಂತೆಯೂ ಇಲ್ಲ. ಫ್ರೈ ಮತ್ತು ಟೂನ್ ಎಂಬ ವಿಜ್ಞಾನಿಗಳು ಕಡಲಹಕ್ಕಿಯಾದ ಗಲ್‌ನ ಮೊಟ್ಟೆಗಳಿಗೆ ಡಿ.ಡಿ.ಟಿ.ಯನ್ನು ಸೇರಿಸಿ ಪರೀಕ್ಷಿಸಿದರು. ಗಂಡು ಭ್ರೂಣಗಳಲ್ಲಿ ಅಂಡಾಶಯದ ಅಂಗಾಂಶವು ಬೆಳೆದಿತ್ತೆಂದು 1981ರಲ್ಲಿ ಪ್ರಕಟಿಸಿದರು. ಹೊರಗಿನಿಂದ ನೋಡಿದವರಿಗೆ ಅಂತಹ ಮೊಟ್ಟೆಯಲ್ಲಿ ಯಾವ ದೋಷವೂ ಕಾಣದು.

ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮಲೇರಿಯಾ ಹರಡುವ ಸೊಳ್ಳೆಗಳನ್ನು ಕೊಂದು ಅದು ಉಳಿಸಿದ ಮನುಷ್ಯಜೀವಗಳು ಅಸಂಖ್ಯ. ಅದನ್ನು ಮರೆಯುವುದು ಕೃತಘ್ನತೆಯೇ ಸರಿ. ಆದರೆ ಬೆಳೆದ ಹಕ್ಕಿ ಸಾಯಲಿಲ್ಲವೆಂಬುದನ್ನೇ ನಿರಪಾಯಕ್ಕೆ ಸಾಕ್ಷಿಯೆಂದು ತಿಳಿಯುವುದು ವಿವೇಕವಲ್ಲ. ಒಂದು ರಾಸಾಯನಿಕವನ್ನು ಹೊಲಕ್ಕೆ ಎರಚುವ ಮುನ್ನ, ಇನ್ನೂ ಹುಟ್ಟದ ಜೀವಕ್ಕೆ ಅದು ಏನು ಮಾಡೀತೆಂದು ವಿಚಾರಿಸಬೇಕು. ಆ ಪ್ರಶ್ನೆಯನ್ನು ಗೂಡುಗಳು ಬರಿದಾದ ಮೇಲೆ ಕೇಳಲಾಯಿತು.

ಅಮೆರಿಕವು 1972ರಲ್ಲಿ ಡಿ.ಡಿ.ಟಿ. ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಭಾರತವು 1989ರಲ್ಲಿ ಬೇಸಾಯದಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಅನಕಾಪದ ಗೂಡುಗಳಲ್ಲಿ ಮರಿಗಳ ಕೂಗು ಮರಳಿತು. 2009ರಲ್ಲಿ ಕಂದು ಹೆಜ್ಜಾರ್ಲೆಯ ಹೆಸರನ್ನು ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಆ ಕರಾವಳಿಯ ಕಡಲತಳದ ಕೆಸರಿನಲ್ಲಿ ಹಳೆಯ ಡಿ.ಡಿ.ಟಿ. ಇಂದಿಗೂ ಇದೆ.