ಇಲಿಗಿರುವ ದಾಖಲೆ ಕೃಷ್ಣಾ ತೀರದ ಹೋರಿಗೇಕಿಲ್ಲ?

ಗೌಚಿಪ್ ಬಂತು, ಜಾನುವಾರು ಗಣತಿಯೂ ನಡೆಯಿತು, ಇನ್ನು ನಮ್ಮ ದೇಶಿ ತಳಿಗಳು ಉಳಿದ ಹಾಗೆಯೇ ಎಂಬ ಧಾಟಿಯ ಮಾತು ಹೆಚ್ಚಾಗಿದೆ. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಆಕಳಿಗೊಂದು, ಎಮ್ಮೆಗೊಂದು ಜಿನೋಮಿಕ್ ಚಿಪ್ ಬಿಡುಗಡೆಯಾದವು. ಅದೇ ತಿಂಗಳ 25ರಂದು, 219 ದೇಶಿ ತಳಿಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವ 21ನೇ ಜಾನುವಾರು ಗಣತಿಗೆ ಚಾಲನೆ ಸಿಕ್ಕಿತು. ಎರಡೂ ಬೇಕಾದ ಕೆಲಸಗಳೇ. ಆದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕೊಟ್ಟಿಗೆಗಳ ಮಟ್ಟಿಗೆ ಇವುಗಳಿಂದ ಹೆಚ್ಚೇನೂ ಆಗದು. ಚಿಪ್ ಓದಿದ್ದನ್ನು ಯಾವ ಗುಣಗಳ ಜೊತೆ ಹೊಂದಿಸಿ ನೋಡಬೇಕೋ ಆ ಗುಣಗಳಿಗೆ ಎಲ್ಲರೂ ಒಪ್ಪಿದ ಹೆಸರು, ವ್ಯಾಖ್ಯೆ, ಅಳತೆಗಳನ್ನು ನಾವು ಇಟ್ಟುಕೊಂಡಿಲ್ಲ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದೇವೆ.

ಕ್ರಮ ಹೇಗಿರಬೇಕಿತ್ತು ಎಂಬುದಕ್ಕೆ ಒಂದು ಪೂರ್ವನಿದರ್ಶನವಿದೆ. ತಳಿ ಸಂರಕ್ಷಣೆಯ ಬಗ್ಗೆ ಮಾತಾಡುವವರು ಯಾರೂ ಅದರ ಹೆಸರೆತ್ತುವುದಿಲ್ಲ. ಅದು ಪ್ರಯೋಗಾಲಯದ ಇಲಿ.

ಇಲಿಯ ಜಿನೋಮ್ ಪ್ರಕಟವಾದದ್ದು 2002ರ ಡಿಸೆಂಬರಿನಲ್ಲಿ. ಎಲ್ಲರಿಗೂ ನೆನಪಿರುವುದು ಈ ವರ್ಷ. ನೆನಪಿಡಬೇಕಾದ ವರ್ಷ 1940. ಎಲ್.ಸಿ. ಡನ್, ಹಾನ್ಸ್ ಗ್ರೂನ್‌ಬರ್ಗ್, ಜಾರ್ಜ್ ಸ್ನೆಲ್ ಎಂಬ ಮೂವರು ವಿಜ್ಞಾನಿಗಳ ಸಮಿತಿ ಆ ವರ್ಷ ಒಂದು ವರದಿ ಕೊಟ್ಟಿತು. ಬರೀ ಎರಡು ಪುಟ. ಇಲಿಯ ಜೀನುಗಳಿಗೆ ಹೆಸರಿಡುವಾಗ ಯಾವ ನಿಯಮ ಪಾಲಿಸಬೇಕು ಎಂಬುದಷ್ಟೇ ಅದರಲ್ಲಿತ್ತು. ಡಿಎನ್‌ಎ ರಚನೆಯೇ ಗೊತ್ತಿಲ್ಲದ ಕಾಲ ಅದು. ವಾಟ್ಸನ್, ಕ್ರಿಕ್ ಬರಲು ಇನ್ನೂ 13 ವರ್ಷವಿತ್ತು. ಹೆಸರಿನ ನಿಯಮಕ್ಕೂ ಜಿನೋಮಿಗೂ ನಡುವೆ 62 ವರ್ಷಗಳ ಅಂತರ. ಈ ಲೇಖನದಿಂದ ಒಂದೇ ಅಂಕಿ ನೆನಪಿಟ್ಟುಕೊಳ್ಳುವುದಾದರೆ ಅದು ಈ 62 ಆಗಿರಲಿ.

ಆ ಅವಧಿಯಲ್ಲಿ ಏನೇನಾಯಿತು ನೋಡಿ. 1949ರಿಂದ ‘ಮೌಸ್ ನ್ಯೂಸ್ ಲೆಟರ್’ ಎಂಬ ಪತ್ರಿಕೆ ಒಂದೊಂದು ಪ್ರಯೋಗಾಲಯದಲ್ಲಿ ಯಾವ ವಂಶದ ಇಲಿಗಳಿವೆ ಎಂಬ ಪಟ್ಟಿಯನ್ನು ಎಲ್ಲರ ಕೈಗೂ ತಲುಪಿಸಿತು. 1994ರಲ್ಲಿ ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯ ಇಲಿಯ ಜಿನೋಮ್ ದತ್ತಾಂಶಕೋಶವನ್ನು ಅಂತರ್ಜಾಲದಲ್ಲಿ ತೆರೆಯಿತು. 1998ರಲ್ಲಿ ನೊಣ, ಯೀಸ್ಟ್, ಇಲಿ ಈ ಮೂರರ ದತ್ತಾಂಶಕೋಶಗಳು ಒಟ್ಟು ಸೇರಿ, ಜೀನು ಮಾಡುವ ಕೆಲಸಗಳನ್ನು ಬಣ್ಣಿಸಲು ಸಮಾನ ಪದಕೋಶವೊಂದನ್ನು ಆರಂಭಿಸಿದವು. ಅದೇ ಇಂದಿನ ಜೀನ್ ಆಂಟಾಲಜಿ. ಜಿನೋಮಿನ ಅಕ್ಷರಮಾಲೆ ಕೈಗೆ ಸಿಗುವ ಹೊತ್ತಿಗೆ ಅದನ್ನು ಎಲ್ಲಿ, ಯಾವುದರ ಪಕ್ಕದಲ್ಲಿಡಬೇಕು ಎಂಬುದು ತೀರ್ಮಾನವಾಗಿತ್ತು. ಹಾಗಾಗಿಯೇ ಅದು ಬಂದ ದಿನದಿಂದಲೇ ಬಳಕೆಗೆ ಬಂತು.

ಹೆಸರಿನಲ್ಲೇನಿದೆ ಎನ್ನುವವರು ಒಂದಕ್ಷರದ ಕಥೆ ಕೇಳಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಇಲಿ ವಂಶ ಸಿ57ಬಿಎಲ್/6. ಜಾಕ್ಸನ್ ಪ್ರಯೋಗಾಲಯದಲ್ಲಿದ್ದ ಇದರ ಒಂದು ಕವಲು 1951ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋಯಿತು. ಅಲ್ಲೇ ಉಳಿದದ್ದರ ಹೆಸರಿನ ಕೊನೆಗೆ ‘ಜೆ’ ಎಂದೂ ಹೋದದ್ದಕ್ಕೆ ‘ಎನ್’ ಎಂದೂ ಬರೆಯುವುದು ನಿಯಮವಾಯಿತು. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಕಪ್ಪು ಇಲಿಗಳು. ಅರ್ಧ ಶತಮಾನದ ನಂತರ, 2005–06ರ ಸುಮಾರಿಗೆ, ‘ಜೆ’ ಕವಲಿನಲ್ಲಿ ಎನ್‌ಎನ್‌ಟಿ ಎಂಬ ಜೀನಿನ ಒಂದು ತುಂಡೇ ಬಿದ್ದುಹೋಗಿರುವುದು ತಿಳಿಯಿತು. ಅದರಿಂದ ಇನ್ಸುಲಿನ್ ಸ್ರವಿಸುವ ಶಕ್ತಿ ಕುಗ್ಗುತ್ತದೆ. ಮಧುಮೇಹದ ಪ್ರಯೋಗಕ್ಕೆ ‘ಜೆ’ ಬಳಸಿದ್ದಾರೋ ‘ಎನ್’ ಬಳಸಿದ್ದಾರೋ ಎಂಬುದರ ಮೇಲೆ ಫಲಿತಾಂಶವೇ ಬದಲಾಗಬಹುದು. ಆ ಅಕ್ಷರವನ್ನು ಶಿಸ್ತಾಗಿ ಬರೆದಿಟ್ಟವರ ಹಳೆಯ ಪ್ರಯೋಗಗಳನ್ನು ಹೊಸ ಬೆಳಕಿನಲ್ಲಿ ಮತ್ತೆ ಓದಲು ಸಾಧ್ಯವಾಯಿತು. ಬರೆಯದವರ ಕೆಲಸ ವ್ಯರ್ಥವಾಯಿತು. ನಮ್ಮ ದೇಶದ ಔಷಧವಿಜ್ಞಾನ ಪ್ರಬಂಧಗಳಲ್ಲಿ ಇಂದಿಗೂ ‘ಸ್ವಿಸ್ ಆಲ್ಬಿನೊ ಇಲಿ’ ಎಂದಷ್ಟೇ ಬರೆದು ಮುಂದೆ ಹೋಗುವುದು ಸಾಮಾನ್ಯ. 1926ರಲ್ಲಿ ಕ್ಲಾರಾ ಲಿಂಚ್ ಸ್ವಿಟ್ಜರ್ಲೆಂಡಿನಿಂದ ತರಿಸಿಕೊಂಡ ಒಂಬತ್ತು ಇಲಿಗಳ ಸಂತಾನ ನೂರಾರು ಕವಲುಗಳಾಗಿ ಹರಡಿಕೊಂಡಿದೆ. ಅದರಲ್ಲಿ ಯಾವ ಕವಲು ಎಂದು ಹೇಳದ ಪ್ರಬಂಧದಿಂದ ಮುಂದಿನವರಿಗೆ ಸಿಗುವುದು ಬಹಳ ಕಡಿಮೆ.

ಇಲಿಗೂ ದನಕ್ಕೂ ಎಲ್ಲಿಯ ನಂಟು ಎನ್ನುವವರಿಗೆ 1997ರ ಉದಾಹರಣೆ ಸಾಕು. ಆ ವರ್ಷದ ಮೇ ತಿಂಗಳಲ್ಲಿ, ಒಂದು ಜೀನನ್ನು ಕೆಡಿಸಿದರೆ ಇಲಿಯ ಸ್ನಾಯು ಎರಡು ಮೂರು ಪಟ್ಟು ಬೆಳೆಯುತ್ತದೆ ಎಂದು ಅಮೆರಿಕದ ಮೂವರು ವಿಜ್ಞಾನಿಗಳು ತೋರಿಸಿದರು. ಕೆಲವೇ ತಿಂಗಳಲ್ಲಿ, ಮಾಂಸ ತುಂಬಿ ತುಳುಕುವ ಬೆಲ್ಜಿಯನ್ ಬ್ಲೂ ದನಗಳಲ್ಲಿ ಕೆಟ್ಟಿರುವುದೂ ಅದೇ ಜೀನು ಎಂದು ಪತ್ತೆಯಾಯಿತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ದನಗಾರರನ್ನು ಬೆರಗುಗೊಳಿಸಿದ್ದ ಲಕ್ಷಣಕ್ಕೆ ಇಲಿಯ ಬೋನಿನಿಂದ ಉತ್ತರ ಸಿಕ್ಕಿತು. ಆ ಜೀನನ್ನು ಮೊದಲು ಜಿಡಿಎಫ್8 ಎನ್ನುತ್ತಿದ್ದರು, ಈಗ ಮಯೋಸ್ಟಾಟಿನ್. ಯಾವ ಹೆಸರಿನಿಂದ ಹುಡುಕಿದರೂ ದತ್ತಾಂಶಕೋಶ ಒಂದೇ ಪುಟಕ್ಕೆ ಕರೆದೊಯ್ಯುತ್ತದೆ. ಇದು ತಾನಾಗಿ ಆಗುವ ಕೆಲಸವಲ್ಲ. ಸಂಬಳ ಪಡೆದು ಪ್ರಬಂಧಗಳನ್ನು ಒಂದೊಂದಾಗಿ ಓದುವ, ಹಳೆ ಹೆಸರಿಗೆ ಹೊಸ ಹೆಸರನ್ನು ಜೋಡಿಸುವ ಸಂಪಾದಕರು ಅದರ ಹಿಂದಿದ್ದಾರೆ.

ಈಗ ನಮ್ಮ ಊರಿಗೆ ಬರೋಣ.

ಕೃಷ್ಣಾ ವ್ಯಾಲಿ ತಳಿ 19ನೇ ಶತಮಾನದ ಉತ್ತರಾರ್ಧದಲ್ಲಿ ಉದ್ದೇಶವಿಟ್ಟು ಕಟ್ಟಿದ ತಳಿ. ಮಳೆ ಬಿದ್ದರೆ ಕಾಲು ಕಚ್ಚಿ ಹಿಡಿಯುವ ಕೃಷ್ಣೆಯ ಎರೆಯಲ್ಲಿ ನೇಗಿಲು ಎಳೆಯಬಲ್ಲ ಎತ್ತು ಬೇಕಿತ್ತು. ಆಗಿನ ದಕ್ಷಿಣ ಮರಾಠಾ ಸಂಸ್ಥಾನಗಳ ಒಡೆಯರು ಗೀರ್, ಕಾಂಕ್ರೇಜ್, ಓಂಗೋಲ್ ಹೋರಿಗಳನ್ನು ತರಿಸಿ, ಇಲ್ಲಿನ ಮೈಸೂರು ಬಗೆಯ ರಾಸುಗಳೊಂದಿಗೆ ಕೂಡಿಸಿದರು. ಹೀಗೆ ರೂಪುಗೊಂಡದ್ದು ದೊಡ್ಡ ಮೈಕಟ್ಟಿನ, ಜೋಲುವ ಗಂಗೆದೊಗಲಿನ, ನೆಲ ಮುಟ್ಟುವಂಥ ಬಾಲದ, ನಿಧಾನವಾದರೂ ಬಿಡದೆ ಎಳೆಯುವ ಎತ್ತು. 1953ರಲ್ಲಿ ಜೋಶಿ ಮತ್ತು ಫಿಲಿಪ್ಸ್ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಭಾರತ, ಪಾಕಿಸ್ತಾನದ ದನಗಳ ಬಗ್ಗೆ ಬರೆದ ಗ್ರಂಥದಲ್ಲಿ ಈ ತಳಿಗೂ ಜಾಗವಿದೆ. ಅಮೆರಿಕದ ಬ್ರಾಹ್ಮನ್ ತಳಿಯ ಮೂಲಗಳಲ್ಲಿ ಗೀರ್, ಗುಜರಾತ್, ನೆಲ್ಲೂರು ರಾಸುಗಳ ಜೊತೆ ಕೃಷ್ಣಾ ವ್ಯಾಲಿಯ ಹೆಸರೂ ಬರುತ್ತದೆ. ಆ ಬ್ರಾಹ್ಮನ್‌ನ ಸವಿವರ ಜಿನೋಮ್ 2020ರಲ್ಲೇ ಪ್ರಕಟವಾಗಿ, ಯಾರು ಬೇಕಾದರೂ ನೋಡುವಂತೆ ತೆರೆದಿದೆ. ಇತ್ತ ಮೂಲ ತಳಿ ಟ್ರ್ಯಾಕ್ಟರು ಮತ್ತು ಎಚ್‌ಎಫ್ ಮಿಶ್ರತಳಿಯ ನಡುವೆ ಸಿಕ್ಕಿ ಕರಗುತ್ತಿದೆ.

ಉಳಿದಿರುವ ರಾಸುಗಳಿಗೆ ದಾಖಲೆ ಏನಿದೆ? ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆಯಿದೆ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊದ ಪಟ್ಟಿಯಲ್ಲಿ ತಳಿಯ ಸಾಮಾನ್ಯ ವರ್ಣನೆಯಿದೆ. ಆದರೆ ಈ ಹೋರಿ ಎಷ್ಟು ಭಾರ ಎಳೆಯಿತು, ಎಷ್ಟು ಹೊತ್ತು ಎಳೆದು ದಣಿಯಿತು, ಎರೆಯಲ್ಲಿ ಗೊರಸು ಹೇಗೆ ತಾಳಿತು, ಇದರ ತಾಯಿ ಯಾವುದು ಎಂದು ರಾಸು ರಾಸಿಗೆ ಬರೆದ ದಾಖಲೆ ಇಲ್ಲ. ಜಿನೋಮಿಕ್ ಆಯ್ಕೆಯ ಲೆಕ್ಕಾಚಾರಕ್ಕೆ ಬೇಕಿರುವುದೇ ಅದು. ಸಾವಿರಾರು ರಾಸುಗಳ ಚಿಪ್ ಓದು ಒಂದು ಕಡೆ, ಅವೇ ರಾಸುಗಳ ಅಳೆದ ಗುಣಗಳು ಇನ್ನೊಂದು ಕಡೆ ಇರಬೇಕು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಬರೀ ಅಂಕಿಗಳ ರಾಶಿ. ಹಾಲಿಗಾದರೆ ಲೀಟರಿದೆ, ಕೊಬ್ಬಿನಂಶಕ್ಕೆ ಶೇಕಡಾ ಇದೆ, ಡೇರಿಗಳಲ್ಲಿ ನಿತ್ಯ ಅಳೆಯುವವರಿದ್ದಾರೆ. ಹಾಗಾಗಿ ಚಿಪ್‌ನ ಫಲ ಮೊದಲು ಸೇರುವುದು ಗೀರ್, ಸಾಹಿವಾಲ್‌ಗಳಂಥ ಹಾಲಿನ ತಳಿಗಳಿಗೆ. ದುಡಿಮೆಯ ತಳಿಗೆ ಅಳತೆಗೋಲೇ ಇಲ್ಲ. ಎತ್ತಿನ ಗಾಡಿ ಶರತ್ತಿಗೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಓಟಕ್ಕೆ ಬೆಲೆ ಬಂದಿದೆ, ಓಟದ ಕಿಲಾರಿ ತಳಿಗೆ ಗಿರಾಕಿಗಳಿದ್ದಾರೆ. ಎಳೆಯುವ ಬಲಕ್ಕೆ ಬೆಲೆ ಕಟ್ಟುವವರು ಯಾರು?

ಹಳೆಯ ದಾಖಲೆಗಳನ್ನು ಕೂಡಿಸಲು ಹೋದರೂ ಕಷ್ಟವೇ. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಥಣಿ, ಚಿಕ್ಕೋಡಿ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಯಲ್ಲಿದ್ದವು. 1956ರಲ್ಲಿ ತಳಿಯ ಸೀಮೆಯೇ ಎರಡು ರಾಜ್ಯಗಳಿಗೆ ಹಂಚಿಹೋಯಿತು. ಸಾಂಗ್ಲಿ, ಸಾತಾರಾ ಆಚೆ ಉಳಿದವು. 2018ರಲ್ಲಿ ನಿಪ್ಪಾಣಿ, ಕಾಗವಾಡ ಹೊಸ ತಾಲ್ಲೂಕುಗಳಾದವು. 2012ರ ಗಣತಿಯಲ್ಲಿ ಕಾಗವಾಡವನ್ನು ಹುಡುಕಿದರೆ ಸಿಗದು, ಅದು ಅಥಣಿಯ ಹೊಟ್ಟೆಯಲ್ಲಿದೆ. ಇದೂ ಪದಕೋಶದ ಸಮಸ್ಯೆಯೇ. ಯಾವ ಹೆಸರು ಯಾವ ವರ್ಷದಿಂದ ಯಾವ ಊರುಗಳಿಗೆ ಅನ್ವಯಿಸುತ್ತದೆ ಎಂದು ಬರೆದಿಡದಿದ್ದರೆ ಅಥಣಿಯ ದನಗಳ ಸಂಖ್ಯೆ ದಿಢೀರನೆ ಕುಸಿದಂತೆ ಕಾಣುತ್ತದೆ. ಇಪ್ಪತ್ತನೇ ಗಣತಿಯ ದೇಶದ ಮೊತ್ತದಲ್ಲಿ ‘ದೇಶಿ ಮತ್ತು ಅನಿರ್ದಿಷ್ಟ’ ಎಂಬ ಒಂದೇ ಸಾಲಿನಲ್ಲಿ 14.2 ಕೋಟಿ ದನಗಳಿವೆ. ಅಷ್ಟು ದೊಡ್ಡ ರಾಶಿಯಲ್ಲಿ ಕೃಷ್ಣಾ ತೀರದ ರಕ್ತ ಎಷ್ಟಿದೆ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ.

ಇಂಥ ಶಿಸ್ತು ವಿದೇಶದ ಪ್ರಯೋಗಾಲಯಗಳಿಗೆ ಸರಿ, ನಮ್ಮ ರೈತರಿಗೆ ಅಲ್ಲ ಎನ್ನುವವರಿದ್ದಾರೆ. ಅವರು ಕಬ್ಬಿನ ಹೊಲಕ್ಕೆ ಬಂದು ನೋಡಲಿ. ಅಥಣಿ, ರಾಯಬಾಗದ ಯಾವ ರೈತನನ್ನು ಕೇಳಿದರೂ ‘86032’ ಎನ್ನುತ್ತಾನೆ, ‘265’ ಎನ್ನುತ್ತಾನೆ. ಮೊದಲನೆಯದು ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ಸಿಒ 86032. ಅದರ ಹೆತ್ತವರು ಸಿಒ 62198 ಮತ್ತು ಸಿಒಸಿ 671 ಎಂಬುದು ದಾಖಲಾಗಿದೆ. ಎರಡನೆಯದು ಸಾತಾರಾ ಜಿಲ್ಲೆಯ ಪಾಡೇಗಾಂವ್‌ನ ತಳಿ. ಇಲ್ಲಿನ ಉಗಾರದಲ್ಲಿ ಹೇಳಿದ ಸಂಖ್ಯೆ ಗಡಿಯಾಚೆಯ ಶಿರೋಳದಲ್ಲೂ ಅದೇ ಅರ್ಥ ಕೊಡುತ್ತದೆ. ಗಡಿ, ಭಾಷೆ, ಕಾರ್ಖಾನೆ ಬದಲಾದರೂ ಕಬ್ಬು ಬದಲಾಗುವುದಿಲ್ಲ. 1912ರಲ್ಲಿ ಶುರುವಾದ ಸಂಸ್ಥೆಯೊಂದು ಒಂದೇ ಕ್ರಮದಲ್ಲಿ ಸಂಖ್ಯೆ ಕೊಡುತ್ತಾ ಬಂದದ್ದರ ಫಲ ಇದು. ಕಬ್ಬಿಗೆ ಆದದ್ದು ಎತ್ತಿಗೆ ಆಗಲಿಲ್ಲ. ಕಬ್ಬಿನ ಹಿಂದೆ ಕಾರ್ಖಾನೆ ಇತ್ತು, ಎತ್ತಿನ ಹಿಂದೆ ಯಾರೂ ಇರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಪ್ರಾಣಿ ಪ್ರಯೋಗದ ಕಾಲವೇ ಮುಗಿಯುತ್ತಿದೆ, ಇಲಿಯ ಮಾದರಿ ಹಿಡಿದು ಏನು ಮಾಡುವುದು ಎಂದು ಕೇಳುತ್ತಾರೆ. ನಿಜ, 2023ರಲ್ಲಿ ನಮ್ಮ ಔಷಧ ಪರೀಕ್ಷಾ ನಿಯಮಗಳಲ್ಲೂ ಪ್ರಾಣಿಯಿಲ್ಲದ ವಿಧಾನಗಳಿಗೆ ಅವಕಾಶವಾಯಿತು. ಅದು ಒಳ್ಳೆಯದೇ. ಆದರೆ ಪ್ರಾಣಿಯನ್ನು ಬಿಟ್ಟು ಕಂಪ್ಯೂಟರಿನಲ್ಲಿ ಪರೀಕ್ಷಿಸುವವರು ಆಧರಿಸುವುದು ಯಾವುದನ್ನು? ಎಂಟು ದಶಕಗಳಿಂದ ಹೆಸರು ಹಚ್ಚಿ ಜೋಡಿಸಿಟ್ಟ ಇಂಥ ದತ್ತಾಂಶವನ್ನೇ. ಇಲಿ ಬೋನಿನಿಂದ ಹೊರಬಂದ ಮೇಲೂ ಅದರ ದಾಖಲೆ ಕೆಲಸಕ್ಕೆ ಬರುತ್ತದೆ.

ಹಾಗಂತ ನಾವೂ 62 ವರ್ಷ ಕಾಯಬೇಕಿಲ್ಲ. ಇಲಿ, ಹೆಗ್ಗಣ, ದನ, ಹಂದಿ ಎಲ್ಲಕ್ಕೂ ಹೊಂದುವ ಕಶೇರುಕಗಳ ಗುಣಪದಕೋಶವನ್ನು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಪಶು ದತ್ತಾಂಶಕೋಶದವರು ಇಲಿ, ಹೆಗ್ಗಣಗಳ ದತ್ತಾಂಶಕೋಶದವರ ಜೊತೆ ಸೇರಿ ಕಟ್ಟಿ, ಉಚಿತವಾಗಿ ಬಿಟ್ಟಿದ್ದಾರೆ. ನಮ್ಮ ಪಾಲಿಗೆ ಉಳಿದಿರುವುದು ಎರೆಯ ದುಡಿಮೆಗೆ ಸಂಬಂಧಿಸಿದ ಗುಣಗಳನ್ನು ಸೇರಿಸುವುದು. ಅದಕ್ಕೆ ಬೇಕಾದ ಮಾತು ನಮ್ಮಲ್ಲಿದೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ ಬರೆದ 12ನೇ ಶತಮಾನದಿಂದ ಕನ್ನಡ ದನದ ಮೈಯನ್ನು ಬಣ್ಣಿಸುತ್ತಲೇ ಬಂದಿದೆ. ಸುಳಿ, ಹಿಣಿಲು, ಗಂಗೆದೊಗಲು, ಗೊರಸು ನೋಡಿ ರಾಸು ಕೊಳ್ಳುವ ಹಿರಿಯರು ಕೃಷ್ಣೆಯ ಎರಡೂ ದಡಗಳಲ್ಲಿ ಇನ್ನೂ ಇದ್ದಾರೆ. ಅವರು ಹೇಳುವ ಪ್ರತಿಯೊಂದು ಲಕ್ಷಣಕ್ಕೂ ಒಂದು ಸಂಖ್ಯೆ, ಒಂದು ವ್ಯಾಖ್ಯೆ, ಅಳೆಯುವ ಒಂದು ವಿಧಾನ ಕೊಟ್ಟು, ಕನ್ನಡ ಮತ್ತು ಮರಾಠಿಯ ಹೆಸರುಗಳೆರಡನ್ನೂ ಅದಕ್ಕೆ ಜೋಡಿಸಬೇಕು.

ಇದಕ್ಕೆ ದೊಡ್ಡ ಯೋಜನೆ ಬೇಡ. ಅಥಣಿಯ ಪಶುವೈದ್ಯಕೀಯ ಕಾಲೇಜು ತಳಿಯ ಸೀಮೆಯ ನಡುಮಧ್ಯದಲ್ಲೇ, ಕೊಕಟನೂರಿನಲ್ಲಿದೆ. ಅಲ್ಲಿ ಪದಕೋಶ ಮತ್ತು ದಾಖಲೆ ನೋಡಿಕೊಳ್ಳುವ ಇಬ್ಬರು ಕಾಯಂ ಸಂಪಾದಕರ ಹುದ್ದೆ ಸೃಷ್ಟಿಸಲಿ. ಕಾಯಂ ಎಂದೇ ಹೇಳುತ್ತಿದ್ದೇನೆ. 2016ರಲ್ಲಿ ಅಮೆರಿಕದಲ್ಲೇ ಇಲಿ, ನೊಣ, ಹುಳುಗಳ ದತ್ತಾಂಶಕೋಶಗಳಿಗೆ ಅನುದಾನ ಕಡಿತದ ಮಾತು ಬಂದಾಗ ಸಾವಿರಾರು ವಿಜ್ಞಾನಿಗಳು ಸಹಿ ಹಾಕಿ ಪ್ರತಿಭಟಿಸಬೇಕಾಯಿತು. ಮೂರು ವರ್ಷದ ಗುತ್ತಿಗೆಯಲ್ಲಿ ಈ ಕೆಲಸ ನಿಲ್ಲುವುದಿಲ್ಲ. ಮಹಾರಾಷ್ಟ್ರದ ಪಶು ವಿಶ್ವವಿದ್ಯಾಲಯವನ್ನು ಮೊದಲ ದಿನದಿಂದಲೇ ಜೊತೆಗೆ ಕರೆದುಕೊಳ್ಳಲಿ, ಗಡಿ ವಿವಾದದ ಮಾತು ಇಲ್ಲಿಗೆ ಬೇಡ. ಆರಂಭಕ್ಕೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯೇ ಸಾಕು. ಮಾಘದಲ್ಲಿ ಎರಡೂ ರಾಜ್ಯಗಳ ಭಕ್ತರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಅಲ್ಲಿ ನಾಲ್ಕು ದಿನ ಅಳತೆಪಟ್ಟಿ, ಎಳೆತದ ಬಲ ಅಳೆಯುವ ಡೈನಮೊಮೀಟರು ಮತ್ತು ಕಿವಿಬಿಲ್ಲೆಯ ಸಂಖ್ಯೆ ಬರೆದುಕೊಳ್ಳುವ ವಿದ್ಯಾರ್ಥಿಗಳು ಇದ್ದರೆ ಮೊದಲ ಪಟ್ಟಿ ಸಿದ್ಧವಾಗುತ್ತದೆ. ಚಿಪ್‌ಗೆ ರಕ್ತದ ಮಾದರಿ ತೆಗೆಯುವುದು ಅದರ ನಂತರ.