ತೆರೆದ ಜೀಪಿನ ಸಂಗೀತ ಮತ್ತು ವ್ಯಾಪಾರಸ್ಥರ ಹೊಣೆ

ಮಡಿಚುವ ಛಾವಣಿಯ ವಿಲಾಸಿ ಕಾರುಗಳು ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಅಪರೂಪ. ಆದರೆ ಛಾವಣಿ ತೆಗೆದು ಓಡಿಸುವ ವಾಹನಗಳಿಗೆ ಇಲ್ಲಿ ಕೊರತೆಯಿಲ್ಲ. ಕಬ್ಬಿಣದ ಕಮಾನುಗಳ ಮೇಲೆ ತಾಡಪತ್ರಿ ಅಥವಾ ರೆಕ್ಸಿನ್ ಹೊದ್ದ ಮಹೀಂದ್ರಾ ಜೀಪುಗಳು ಈ ಭಾಗದ ಹೊಲಗಳಲ್ಲಿ, ಗುತ್ತಿಗೆ ಕಾಮಗಾರಿಗಳಲ್ಲಿ ದಶಕಗಳ ಕಾಲ ದುಡಿದಿವೆ. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ 2019ರ ಹೊತ್ತಿಗೆ ಖಾಸಗಿ ಗ್ರಾಹಕರ ಪಾಲಿಗೆ ನಿಂತುಹೋದರೂ ಅದರ ಮೇಲಿನ ಮೋಹ ನಿಂತಿಲ್ಲ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಹೊಸ ಥಾರ್, ಛಾವಣಿಯಲ್ಲಿಯೇ ಸ್ಪೀಕರ್‌ಗಳನ್ನೂ ತುಂತುರು ಹನಿ ತಡೆಯುವ ಪರದೆಯನ್ನೂ ಹೊತ್ತು ಬಂದಿತು. ಅದನ್ನು ಕಂಡ ಹಳೆಯ ಜೀಪಿನ ಒಡೆಯನಿಗೆ ತನ್ನ ವಾಹನದಲ್ಲಿಯೂ ಒಳ್ಳೆಯ ಧ್ವನಿ ಕೇಳಬೇಕೆನಿಸುವುದು ಸಹಜವೇ ಆಗಿದೆ.

ಈ ಗ್ರಾಹಕರಲ್ಲಿ ಅನೇಕರು ಜೋಡಣೆಯ ಕೆಲಸವನ್ನು ತಾವೇ ಮಾಡಿಕೊಳ್ಳಬಯಸುತ್ತಾರೆ. ಹಣ ಉಳಿಸುವುದೊಂದೇ ಅವರ ಉದ್ದೇಶವಲ್ಲ. ಹಳೆಯ ವಾಹನವನ್ನು ಕೈಯಾರೆ ಸಜ್ಜುಗೊಳಿಸುವುದೇ ಅವರಿಗೊಂದು ಸಂತೋಷ. ಇಂಥವರು ಅಂಗಡಿಗೆ ಬಂದಾಗ ಸಾಮಾನ್ಯವಾಗಿ ಎರಡು ಬಗೆಯ ಸ್ವಾಗತ ದೊರೆಯುತ್ತದೆ. ಒಂದು, "ಫಿಟ್ಟಿಂಗ್ ನಮ್ಮಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಗ್ಯಾರಂಟಿ ಇಲ್ಲ" ಎಂಬ ಮಾತು. ಇನ್ನೊಂದು, ಡಬ್ಬಿಯನ್ನು ಕೈಗಿಟ್ಟು ಹಣ ಎಣಿಸಿಕೊಳ್ಳುವ ಮೌನ. ಎರಡರಿಂದಲೂ ನಷ್ಟವಾಗುವುದು ವ್ಯಾಪಾರಕ್ಕೇ. ತಾನೇ ಜೋಡಿಸಿಕೊಳ್ಳುವ ಗ್ರಾಹಕ ವ್ಯಾಪಾರಸ್ಥರ ಪ್ರತಿಸ್ಪರ್ಧಿಯಲ್ಲ. ಅವನಿಗೆ ಸರಿಯಾದ ಸಾಮಗ್ರಿಯ ಪೂರ್ಣ ಕಟ್ಟನ್ನೂ ಸರಿಯಾದ ತಿಳಿವಳಿಕೆಯನ್ನೂ ಒದಗಿಸುವುದು ಸ್ಥಳೀಯ ಅಂಗಡಿಗಳ ಹೊಣೆ. ಸಣ್ಣ ಕೈಗಾರಿಕೆಗಳಿಗೆ ಅದೊಂದು ಅವಕಾಶವೂ ಹೌದು.

ವ್ಯಾಟ್‌ಗಳ ಮೋಹ

ಮುಚ್ಚಿದ ಕಾರಿಗೆ ಒಪ್ಪುವ ಸಾಮಗ್ರಿ ತೆರೆದ ಜೀಪಿಗೆ ಒಪ್ಪುವುದಿಲ್ಲ ಎಂಬುದನ್ನು ಮೊದಲು ಅರಿಯಬೇಕು. ಮುಚ್ಚಿದ ಕಾರಿನ ಪುಟ್ಟ ಕೋಣೆ ತಗ್ಗಿನ ಸ್ವರಗಳಿಗೆ ತಾನಾಗಿಯೇ ಬಲ ಕೊಡುತ್ತದೆ. ಛಾವಣಿ ತೆಗೆದ ಕೂಡಲೇ ಆ ಬಲ ಇಲ್ಲವಾಗುತ್ತದೆ. ಅದರ ಮೇಲೆ ಗಾಳಿ ಮತ್ತು ಚಕ್ರಗಳ ಸದ್ದು ಅದೇ ತಗ್ಗಿನ ಸ್ವರಗಳನ್ನು ನುಂಗಿಬಿಡುತ್ತದೆ. ಆದುದರಿಂದ ದೊಡ್ಡ ಸಬ್‌ವೂಫರ್ ಮಾರಿ ಗ್ರಾಹಕನನ್ನು ಮೆಚ್ಚಿಸುವ ಪ್ರಯತ್ನ ತೆರೆದ ವಾಹನದಲ್ಲಿ ಬಹುಪಾಲು ವ್ಯರ್ಥ. ಅಲ್ಲಿ ಬೇಕಾದುದು ಮನುಷ್ಯನ ಕಂಠ ಸ್ಪಷ್ಟವಾಗಿ ಕೇಳುವ ಮಧ್ಯದ ಸ್ವರಗಳ ಶುದ್ಧಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಗಾಯನ ಕೇಳಿ ಬೆಳೆದ ಊರಿನ ಗ್ರಾಹಕನಿಗೆ ಈ ಮಾತನ್ನು ವಿವರಿಸುವುದು ಕಷ್ಟವಾಗಲಾರದು.

ಡಬ್ಬಿಯ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆ ಮತ್ತೊಂದು ಭ್ರಮೆ. "50 ವ್ಯಾಟ್ × 4" ಎಂದು ಬರೆದ ಸ್ಟೀರಿಯೊ, ಆಂಪ್ಲಿಫೈಯರ್ ಇಲ್ಲದೆ ನಿರಂತರವಾಗಿ ಕೊಡಬಲ್ಲದ್ದು ಒಂದೊಂದು ಸ್ಪೀಕರ್‌ಗೆ 15ರಿಂದ 20 ವ್ಯಾಟ್ ಮಾತ್ರ. ಉಳಿದುದು ಕ್ಷಣಮಾತ್ರದ ಗರಿಷ್ಠ ಶಕ್ತಿ. ಗ್ರಾಹಕನಿಗೆ ನಿಜವಾಗಿ ತೋರಿಸಬೇಕಾದ ಸಂಖ್ಯೆ ಸ್ಪೀಕರ್‌ನ ಸಂವೇದನಶೀಲತೆ, ಅಂದರೆ 1 ವ್ಯಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ ಅದು ಎಷ್ಟು ಡೆಸಿಬೆಲ್ ಧ್ವನಿ ಕೊಡುತ್ತದೆ ಎಂಬುದು. 92 ಡೆಸಿಬೆಲ್‌ನ ಸ್ಪೀಕರ್ 25 ವ್ಯಾಟ್‌ನಲ್ಲಿ ಕೊಡುವ ಧ್ವನಿಯನ್ನು 86 ಡೆಸಿಬೆಲ್‌ನ ಸ್ಪೀಕರ್‌ನಿಂದ ಪಡೆಯಲು 100 ವ್ಯಾಟ್ ಬೇಕು. ಒಳ್ಳೆಯ ಸ್ಪೀಕರ್ ಆರಿಸಿದರೆ ಆಂಪ್ಲಿಫೈಯರ್, ತಂತಿ, ಬ್ಯಾಟರಿ ಮೂರರ ಮೇಲಿನ ಹೊರೆಯೂ ಇಳಿಯುತ್ತದೆ. ಈ ಒಂದು ಲೆಕ್ಕವನ್ನು ತಾಳ್ಮೆಯಿಂದ ಹೇಳುವ ಅಂಗಡಿಕಾರ ಮುಂದಿನ ಹತ್ತು ಗ್ರಾಹಕರನ್ನು ಗಳಿಸುತ್ತಾನೆ.

ಬೆಂಕಿಯ ಮೂಲ ತಂತಿಯಲ್ಲಿ

ಹಣದ ನಷ್ಟಕ್ಕಿಂತ ದೊಡ್ಡ ಸಂಗತಿ ಸುರಕ್ಷತೆಯದು. ಹಳೆಯ ವಾಹನಕ್ಕೆ ಏನನ್ನು ಮಾರುವ ಮೊದಲೂ ಅದರ ವೋಲ್ಟೇಜ್ ಕೇಳಬೇಕು. ಆರಂಭ ಕಾಲದ ವಿಲ್ಲಿಸ್ ಜೀಪುಗಳು ಮೂಲತಃ 6 ವೋಲ್ಟ್‌ನವು. ಸೈನ್ಯದಿಂದ ವಿಲೇವಾರಿಯಾದ ಕೆಲವು ವಾಹನಗಳಲ್ಲಿ 24 ವೋಲ್ಟ್ ಇರುತ್ತದೆ. 12 ವೋಲ್ಟ್ ಎಂದು ಖಚಿತವಾದ ಮೇಲೆ ಆಲ್ಟರ್ನೇಟರ್ ಎಷ್ಟು ಆಂಪಿಯರ್‌ನದು ಎಂಬುದನ್ನು ನೋಡಬೇಕು. ಹೆಡ್‌ಲೈಟ್, ವೈಪರ್ ಮುಂತಾದವು ತೆಗೆದುಕೊಂಡು ಉಳಿದುದರಲ್ಲಿ ಮಾತ್ರ ಸಂಗೀತಕ್ಕೆ ಪಾಲು.

200 ವ್ಯಾಟ್‌ನ ಸಾಮಾನ್ಯ ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ ದುಡಿಯುವಾಗ ಶೇ. 60ರಷ್ಟು ದಕ್ಷತೆ ಎಂದು ಹಿಡಿದರೂ ಬ್ಯಾಟರಿಯಿಂದ ಸುಮಾರು 24 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಆಸನದ ಅಡಿಗೆ 5 ಮೀಟರ್ ತಂತಿ ಬೇಕೆಂದುಕೊಳ್ಳೋಣ. 1.5 ಚದರ ಮಿ.ಮೀ. ತಾಮ್ರದ ತಂತಿ ಹಾಕಿದರೆ ದಾರಿಯಲ್ಲಿಯೇ ಒಂದೂವರೆ ವೋಲ್ಟ್‌ಗೂ ಹೆಚ್ಚು ಕಳೆದುಹೋಗುತ್ತದೆ, ತಂತಿಯೂ ಕಾಯುತ್ತದೆ. 10 ಚದರ ಮಿ.ಮೀ. ತಂತಿಯಲ್ಲಿ ಆ ನಷ್ಟ ಕಾಲು ವೋಲ್ಟ್‌ಗಿಂತ ಕಡಿಮೆ. ತಾಮ್ರದ ಲೇಪವಿರುವ ಅಲ್ಯುಮಿನಿಯಂ ತಂತಿ ನೋಡಲು ಶುದ್ಧ ತಾಮ್ರದಂತೆಯೇ ಇದ್ದರೂ ಅದೇ ದಪ್ಪದಲ್ಲಿ ಅದರ ಪ್ರತಿರೋಧ ಸುಮಾರು ಒಂದೂವರೆ ಪಟ್ಟು. ಇದನ್ನು ತಾಮ್ರದ ದರಕ್ಕೆ ಮಾರುವುದು ವ್ಯಾಪಾರವಲ್ಲ, ವಂಚನೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಫ್ಯೂಸ್. ಅದು ಆಂಪ್ಲಿಫೈಯರ್‌ನ ಬಳಿ ಇದ್ದರೆ ಸಾಲದು, ಬ್ಯಾಟರಿಯಿಂದ ಅರ್ಧ ಮೀಟರ್‌ನೊಳಗೆ ಇರಬೇಕು. ಹಳೆಯ ಜೀಪಿನ ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿದರೆ ಬ್ಯಾಟರಿ ನೂರಾರು ಆಂಪಿಯರ್‌ಗಳನ್ನು ಒಮ್ಮೆಲೇ ಸುರಿಯುತ್ತದೆ. ಆಗ ತಂತಿ ಕೆಂಪಗೆ ಕಾಯಲು ಕೆಲವು ಕ್ಷಣ ಸಾಕು. ರೆಕ್ಸಿನ್ ಹೊದಿಕೆ ಮತ್ತು ಆಸನದ ಸ್ಪಂಜು ಬೆಂಕಿಗೆ ತಡ ಮಾಡುವುದಿಲ್ಲ. ಕೆಲವೇ ರೂಪಾಯಿಗಳ ಫ್ಯೂಸ್ ಮತ್ತು ತಂತಿ ಹಾಯುವ ರಂಧ್ರಕ್ಕೊಂದು ರಬ್ಬರ್ ಬಳೆ ಇವೆರಡನ್ನು ಬಿಟ್ಟು ಸಾವಿರಾರು ರೂಪಾಯಿಯ ಆಂಪ್ಲಿಫೈಯರ್ ಮಾರುವ ಅಂಗಡಿ ತನ್ನ ಹೆಸರನ್ನು ತಾನೇ ಪಣಕ್ಕಿಡುತ್ತದೆ.

ಇನ್ನು ಅರ್ತ್ ವಿಷಯ. ಹಳೆಯ ಜೀಪಿನ ತುಕ್ಕು ಹಿಡಿದ ಬೆಸುಗೆ, ಬಣ್ಣ ಬಳಿದ ಬೋಲ್ಟ್‌ಗಳ ಮೂಲಕ ಮರಳುವ ವಿದ್ಯುತ್ ತನ್ನೊಡನೆ ಇಂಜಿನ್ನಿನ ಕೊರಗುಟ್ಟುವ ಸದ್ದನ್ನೂ ಸ್ಪೀಕರ್‌ಗೆ ತರುತ್ತದೆ. ಅಷ್ಟೇ ದಪ್ಪದ ತಂತಿಯನ್ನು ನೇರವಾಗಿ ಬ್ಯಾಟರಿಯವರೆಗೆ ಎಳೆಯುವುದೇ ಹಳೆಯ ವಾಹನಕ್ಕೆ ನೆಮ್ಮದಿಯ ದಾರಿ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. 765 ಕಿಲೋಹರ್ಟ್ಸ್‌ನ ಅದರ ಮಧ್ಯಮ ತರಂಗ ಪ್ರಸಾರ ಕೇಳಿ ಬೆಳೆದ ಹಿರಿಯ ಗ್ರಾಹಕರು ಈಗಲೂ ಇದ್ದಾರೆ. ಹೊಸ ಸ್ಟೀರಿಯೊಗಳಲ್ಲಿ ಹಲವಕ್ಕೆ ಮಧ್ಯಮ ತರಂಗವೇ ಇರುವುದಿಲ್ಲ. ಇದನ್ನು ಮಾರುವ ಮೊದಲೇ ತಿಳಿಸುವುದು ಸೌಜನ್ಯ.

ಸ್ಥಳೀಯ ಘಟಕಗಳಿಗೆ ಅವಕಾಶ

ಹುಬ್ಬಳ್ಳಿ ಮಲೆನಾಡು ಮತ್ತು ಬಯಲುಸೀಮೆಯ ನಡುವಿನ ಊರು. ಒಂದೇ ವಾರದಲ್ಲಿ ನವಲಗುಂದದ ಕರಿಮಣ್ಣಿನ ಧೂಳನ್ನೂ ದಾಂಡೇಲಿಯ ಮಳೆಯನ್ನೂ ಕಾಣುವ ವಾಹನಗಳು ಇಲ್ಲಿವೆ. ಕಾಗದದ ಕೋನ್ ಇರುವ ಸ್ಪೀಕರ್ ಇಂಥ ಕಡೆ ಬಹುಕಾಲ ಬಾಳುವುದಿಲ್ಲ. ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಅಂಚು, ತುಕ್ಕು ಹಿಡಿಯದ ಜಾಲರಿ ಇರುವ ಸ್ಪೀಕರ್ ಬೇಕು. ಅದು ಧೂಳು ಮತ್ತು ನೀರನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬ 'ಐಪಿ' ದರ್ಜೆಯನ್ನೂ ನೋಡಿ ಕೊಳ್ಳಬೇಕು.

ಸ್ಪೀಕರ್ ತಯಾರಿಸುವುದು ಸಣ್ಣ ಘಟಕಗಳಿಗೆ ಕಷ್ಟವಾಗಬಹುದು. ಆದರೆ ಸ್ಪೀಕರ್ ಕೂರುವ ಪೆಟ್ಟಿಗೆ? ಜೀಪಿನ ತೆಳು ತಗಡಿಗೆ ಪೆಟ್ಟಿಗೆಯಿಲ್ಲದೆ ಕೂರಿಸಿದ ಸ್ಪೀಕರ್‌ನ ಮುಂದಿನ ಮತ್ತು ಹಿಂದಿನ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ತಗಡೂ ನಡುಗುತ್ತದೆ. ಹಿಂಬದಿಯ ಚಕ್ರದ ಕಮಾನಿನ ಮೇಲೆ ಅಥವಾ ಆಸನದ ಅಡಿಯಲ್ಲಿ ಅಳತೆಗೆ ಸರಿಯಾಗಿ ಕೂರುವ, ಒಳಗೆ ಕಂಪನ ತಡೆಯುವ ಪದರ ಮತ್ತು ತಳದಲ್ಲಿ ಬಲವಾದ ಬೋಲ್ಟ್ ಇರುವ ಮುಚ್ಚಿದ ಪೆಟ್ಟಿಗೆ ಬೇಕು. ತಾಡಪತ್ರಿಯ ಛಾವಣಿಯನ್ನು ಕಳ್ಳನೊಬ್ಬ ಒಂದು ಬ್ಲೇಡಿನಿಂದ ಸೀಳಬಲ್ಲ. ಆದುದರಿಂದ ಆಂಪ್ಲಿಫೈಯರ್ ಇಡಲು ಬೀಗವಿರುವ, ಗಾಳಿಯಾಡುವ ಉಕ್ಕಿನ ಪೆಟ್ಟಿಗೆಯೂ ಬೇಕು. ಗೋಕುಲ ರಸ್ತೆ, ತಾರಿಹಾಳ, ರಾಯಾಪುರ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ತಗಡು ಕತ್ತರಿಸಿ ಬಗ್ಗಿಸುವ, ಬೆಸೆಯುವ, ಪೌಡರ್ ಕೋಟಿಂಗ್ ಮಾಡುವ ಕೈಗಳಿಗೆ ಇದು ಹೊಸ ವಿದ್ಯೆಯಲ್ಲ. ಬೇಲೂರಿನ ವಾಹನ ಕಾರ್ಖಾನೆಗಳಿಂದಾಗಿ ಅಳತೆ, ಗುಣಮಟ್ಟಗಳ ಶಿಸ್ತು ಈ ಊರಿಗೆ ಅಪರಿಚಿತವೂ ಅಲ್ಲ.

ಹಳೆಯ ಜೀಪುಗಳ ಸಂಖ್ಯೆ ಎಷ್ಟಿದ್ದೀತು, ಅಷ್ಟಕ್ಕಾಗಿ ಅಚ್ಚು ಮಾಡಿಸುವುದು ಲಾಭದಾಯಕವೇ ಎಂದು ಉದ್ದಿಮೆದಾರರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಜೀಪನ್ನೊಂದೇ ನಂಬಿ ಯಾರೂ ಬಂಡವಾಳ ಹೂಡಬೇಕಾಗಿಲ್ಲ. ಧೂಳು, ಮಳೆ, ಅಲುಗಾಟ ತಡೆಯುವ ಇದೇ ಪೆಟ್ಟಿಗೆ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಟ್ರ್ಯಾಕ್ಟರ್‌ಗೂ ಆಟೊರಿಕ್ಷಾಕ್ಕೂ ಒದಗುತ್ತದೆ. ಮೊದಲು ಬಗ್ಗಿಸಿದ ತಗಡಿನಲ್ಲಿ ಹತ್ತಿಪ್ಪತ್ತು ಪೆಟ್ಟಿಗೆ ಮಾಡಿ ಮಾರಿ ನೋಡಿದ ಮೇಲೆ ಅಚ್ಚಿನ ವಿಚಾರ ಮಾಡಿದರಾಯಿತು.

ಆಕ್ಷೇಪಗಳು

ಗ್ರಾಹಕನೇ ಜೋಡಿಸಿಕೊಂಡರೆ ಫಿಟ್ಟರ್‌ಗಳ ಗತಿಯೇನು ಎಂಬುದು ಮತ್ತೊಂದು ಆಕ್ಷೇಪ. ಅನುಭವಿ ಫಿಟ್ಟರ್ ಒಬ್ಬನ ಬೆಲೆ ಇರುವುದು ಸ್ಕ್ರೂ ತಿರುಗಿಸುವುದರಲ್ಲಿ ಅಲ್ಲ, ತಪ್ಪು ಹುಡುಕುವುದರಲ್ಲಿ. ಗ್ರಾಹಕ ಜೋಡಿಸಿ ತಂದ ವಾಹನವನ್ನು ನಿಗದಿತ ಶುಲ್ಕಕ್ಕೆ ಪರೀಕ್ಷಿಸಿ, ಫ್ಯೂಸ್, ಅರ್ತ್, ವೋಲ್ಟೇಜ್ ಬರೆದುಕೊಡುವ ಸೇವೆ ಆರಂಭಿಸಿದರೆ ಫಿಟ್ಟರ್‌ಗೆ ಗೌರವದ ದುಡಿಮೆ, ಗ್ರಾಹಕನಿಗೆ ಧೈರ್ಯ.

ಕಾನೂನಿನ ಎಲ್ಲೆಯನ್ನೂ ಮರೆಯಬಾರದು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿದೆ. ಸ್ಪೀಕರ್‌ಗಾಗಿ ಬಾಡಿ ಕತ್ತರಿಸುವ ಬದಲು ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆಯೇ ಲೇಸೆನ್ನಲು ಇದೂ ಒಂದು ಕಾರಣ. 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿ ನವೀಕರಣದ ತಪಾಸಣೆಯಲ್ಲಿಯೂ ಇದು ನೆರವಾಗುತ್ತದೆ. ಕಾರ್ಖಾನೆಯಿಂದ ಬಾರದ ಇಂಥ ಉಪಕರಣಗಳ ಮೌಲ್ಯವನ್ನು ವಿಮೆಯಲ್ಲಿ ಪ್ರತ್ಯೇಕವಾಗಿ ಘೋಷಿಸಿ ಹೆಚ್ಚುವರಿ ಕಂತು ಕಟ್ಟಬೇಕಾಗುತ್ತದೆ. ಅದಕ್ಕೆ ಆಧಾರ ಅಂಗಡಿಯ ಪಕ್ಕಾ ಬಿಲ್. ಬಿಲ್ ಕೊಡುವ ಅಂಗಡಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇರಿಲ್ಲ.

ಸದ್ದಿನ ವಿಚಾರದಲ್ಲಿ ವ್ಯಾಪಾರಸ್ಥರು ತಾವೇ ಒಂದು ಗೆರೆ ಎಳೆದುಕೊಳ್ಳುವುದು ಲೇಸು. ತೆರೆದ ವಾಹನದ ಧ್ವನಿ ಬೀದಿಗೂ ಕೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಕಿವಿಗಳ ಮಿತಿಯೂ ಹೆಚ್ಚಿಲ್ಲ. ವಾರಕ್ಕೆ 80 ಡೆಸಿಬೆಲ್ ಆದರೆ 40 ಗಂಟೆ, 90 ಆದರೆ ಕೇವಲ 4 ಗಂಟೆ ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಪೀಕರ್‌ಗಳನ್ನು ಹೊರಗೆ ಮುಖ ಮಾಡದೆ ಕುಳಿತವರ ಕಿವಿಯತ್ತ ತಿರುಗಿಸಿದರೆ ಕಡಿಮೆ ಸದ್ದಿನಲ್ಲಿಯೇ ಸ್ಪಷ್ಟತೆ ದೊರೆಯುತ್ತದೆ.

ಆಗಬೇಕಾದುದು

ಕಾರ್ಯ ದೊಡ್ಡದೇನಲ್ಲ. ಅಳತೆಯ ಶುದ್ಧ ತಾಮ್ರದ ತಂತಿ, ಹೋಲ್ಡರ್ ಸಹಿತ ಫ್ಯೂಸ್, ರಬ್ಬರ್ ಬಳೆಗಳು, ವಾಹನದ ಮೂಲ ತಂತಿ ಕತ್ತರಿಸದೆ ಜೋಡಿಸುವ ಕನೆಕ್ಟರ್, ತುಕ್ಕು ತಡೆಯುವ ಬಣ್ಣದ ಪುಟ್ಟ ಡಬ್ಬಿ ಇಷ್ಟನ್ನು ಒಂದೇ ಚೀಲದಲ್ಲಿ ಕಟ್ಟಿ ಒಂದೇ ದರಕ್ಕೆ ಮಾರಬೇಕು. ಅದರೊಳಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಇರಲಿ. "ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಿ, ಕೊನೆಗೆ ಅದನ್ನೇ ಜೋಡಿಸಿ" ಎಂಬ ಮೊದಲ ಸಾಲಿನಿಂದ ಆರಂಭಿಸಿ, ಚಿತ್ರಸಹಿತ ಹತ್ತು ಹೆಜ್ಜೆ ಸಾಕು. ವಾಣಿಜ್ಯೋದ್ಯಮ ಸಂಸ್ಥೆ ಬಿಡಿಭಾಗಗಳ ವ್ಯಾಪಾರಸ್ಥರನ್ನೂ ತಗಡಿನ ಘಟಕಗಳವರನ್ನೂ ಐಟಿಐ ಶಿಕ್ಷಕರನ್ನೂ ಒಂದು ದಿನ ಒಟ್ಟಿಗೆ ಕೂರಿಸಿದರೆ ಈ ಹಾಳೆಯೂ ಪೆಟ್ಟಿಗೆಯ ಅಳತೆಗಳೂ ಸಿದ್ಧವಾಗಬಲ್ಲವು.

ದೂರದ ಗೋದಾಮಿನಿಂದ ಬರುವ ಡಬ್ಬಿಯ ದರದೊಡನೆ ಸ್ಥಳೀಯ ಅಂಗಡಿ ಯಾವಾಗಲೂ ಪೈಪೋಟಿ ನಡೆಸಲಾರದು. ಆದರೆ ಗ್ರಾಹಕನ ಜೀಪನ್ನು ಕಣ್ಣಾರೆ ನೋಡಿ, "ಈ ತಂತಿ ಸಾಲದು, ಇದನ್ನು ಒಯ್ಯಿರಿ" ಎಂದು ಹೇಳಬಲ್ಲ ಶಕ್ತಿ ಆ ಗೋದಾಮಿಗಿಲ್ಲ. ಅವಳಿ ನಗರದ ವ್ಯಾಪಾರಕ್ಕೆ ಉಳಿದಿರುವ ನಿಜವಾದ ಬಂಡವಾಳ ಈ ನಂಬಿಕೆಯೇ. ತಾನೇ ಜೋಡಿಸಿಕೊಳ್ಳುವ ಗ್ರಾಹಕನನ್ನು ಗದರಿಸಿ ಕಳುಹಿಸದೆ ಕೈಹಿಡಿದು ನಡೆಸಿದಲ್ಲಿ ಅಂಗಡಿಗೂ ಕಾರ್ಖಾನೆಗೂ ಒಳಿತಾಗುವುದರಲ್ಲಿ ಸಂದೇಹವಿಲ್ಲ.